ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ: ಗರ್ಭಕೋಶ ತೆಗೆಸುವ ಮೊದಲು ತಿಳಿದುಕೊಳ್ಳಿ

ಪ್ರಶ್ನೆ: ನನಗೆ 57 ವರ್ಷ. ಮುಟ್ಟು ನಿಂತು ಐದು ವರ್ಷ ಆಯಿತು. ಮೂರು ತಿಂಗಳ ಹಿಂದೆ ಎರಡು ದಿನ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು, ತಾನಾಗಿಯೇ ನಿಂತಿತು. ಹೋದ ವಾರ ಮತ್ತೆ ಕಂಡಿತು. ಶುಗರ್, ಬಿಪಿ ಎರಡೂ ಇದೆ. ತೂಕ 86 ಕೆ.ಜಿ. ಸ್ಕ್ಯಾನ್ ಮಾಡಿದಾಗ ಗರ್ಭಕೋಶದ ಒಳಪದರ 11 ಮಿ.ಮೀ. ದಪ್ಪ ಇದೆ ಅಂತ ಬಂತು. ಆದರೆ ಎಂಟು ತಿಂಗಳ ಹಿಂದೆ ಮಾಡಿಸಿದ ಪ್ಯಾಪ್ ಟೆಸ್ಟ್ ನಾರ್ಮಲ್ ಇತ್ತು. ಡಾಕ್ಟರ್ ಬಯಾಪ್ಸಿ ಆಗಲೇಬೇಕು ಅನ್ನುತ್ತಿದ್ದಾರೆ. ನಮ್ಮ ಅತ್ತಿಗೆ 'ಚುಚ್ಚಿ ಕೆದಕಿದರೆ ಕ್ಯಾನ್ಸರ್ ಹರಡುತ್ತೆ, ಹಾಗೇ ಬಿಟ್ಟುಬಿಡು' ಅಂತಾರೆ. ಮಗಳು 'ಸುಮ್ನೆ ಗರ್ಭಕೋಶನೇ ತೆಗೆಸಿಬಿಡಮ್ಮ, ಇನ್ನು ಅದರಿಂದ ಏನಾಗಬೇಕು' ಅಂತಾಳೆ. ಇನ್ನೊಂದು ವಿಷಯ. ನನ್ನ ತಾಯಿಗೆ 48ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಮಗಳಿಗೆ 31 ವರ್ಷ, ಪಿಸಿಓಎಸ್ ಇದೆ. ಅವಳಿಗೂ ಭಯ ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬಯಾಪ್ಸಿ ಮಾಡಿಸಿಕೊಳ್ಳಿ. ಒಂದೆರಡು ವಾರದೊಳಗೆ ಆಗಿಬಿಡಲಿ. ರಕ್ತ ನಿಂತಿತಲ್ಲ ಅಂತ ಮುಂದಕ್ಕೆ ಹಾಕಬೇಡಿ.

ಹೀಗೆ ಅಂದ ಕೂಡಲೇ ಎದೆ ಧಸಕ್ಕೆನ್ನುವುದು ಸಹಜ. ನಿಮಗೆ ಕ್ಯಾನ್ಸರ್ ಇದೆ ಅಂತ ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ಅನ್ನುವುದು ಇವತ್ತಿನ ಮಟ್ಟಿಗೆ ನಿಮ್ಮ ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಅತ್ತಿಗೆ 'ಮುಟ್ಟಲೇಬೇಡ' ಅನ್ನುತ್ತಿದ್ದಾರೆ, ಮಗಳು 'ಪೂರ್ತಿ ತೆಗೆಸಿಬಿಡು' ಅನ್ನುತ್ತಿದ್ದಾಳೆ. ಕೇಳುವುದಕ್ಕೆ ಎರಡೂ ತದ್ವಿರುದ್ಧ. ಆದರೆ ಇಬ್ಬರೂ ಒಂದೇ ಮೆಟ್ಟಿಲನ್ನು ಹಾರಿಬಿಟ್ಟಿದ್ದಾರೆ. ಒಳಗೆ ಏನಿದೆ ಅಂತ ತಿಳಿದುಕೊಳ್ಳುವ ಮೆಟ್ಟಿಲು ಅದು. ಇಬ್ಬರಿಗೂ ನಿಮ್ಮ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೂ ನಿಮ್ಮ ಡಾಕ್ಟರ್ ಹೇಳಿದ್ದೇ ಸರಿ.

ಒಂದು ವರ್ಷ ಪೂರ್ತಿ ಮುಟ್ಟು ಬರದೆ ಇದ್ದು, ಆಮೇಲೆ ಕಾಣುವ ರಕ್ತವನ್ನು ಮುಟ್ಟು ಅಂತ ಕರೆಯುವಂತಿಲ್ಲ. 'ಮುಟ್ಟು ವಾಪಸ್ ಬಂತು, ದೇಹ ಇನ್ನೂ ಗಟ್ಟಿಯಾಗಿದೆ' ಅಂತ ಸಮಾಧಾನ ಮಾಡಿಕೊಂಡು ಎಂಟು ಹತ್ತು ತಿಂಗಳು ಕಳೆದು ಬಂದವರನ್ನು ನಾನು ತುಂಬ ನೋಡಿದ್ದೇನೆ. ಕೆಂಪಗೇ ಇರಬೇಕು ಅಂತಿಲ್ಲ. ಕಂದು ಕಲೆ, ನಸುಗೆಂಪು ನೀರಿನಂಥ ಸ್ರಾವ, ಒಂದೇ ಒಂದು ಸಲ ಕಂಡು ಹೋದ ಹನಿ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಎಷ್ಟು ಹೋಯಿತು ಅನ್ನುವುದಕ್ಕಿಂತ ಹೋಯಿತು ಅನ್ನುವುದೇ ಮುಖ್ಯ. ರಕ್ತ ಮೂತ್ರದ ದಾರಿಯಿಂದಲೋ ಮೂಲವ್ಯಾಧಿಯಿಂದಲೋ ಬಂದಿರಬಹುದಾ ಅನ್ನುವುದನ್ನೂ ಪರೀಕ್ಷೆಯಲ್ಲೇ ನೋಡುತ್ತಾರೆ.

ಈಗ ಸ್ವಲ್ಪ ಲೆಕ್ಕ ನೋಡೋಣ. ಮುಟ್ಟು ನಿಂತ ಮೇಲೆ ರಕ್ತ ಕಂಡ 100 ಹೆಂಗಸರನ್ನು ಪರೀಕ್ಷೆ ಮಾಡಿದರೆ ಸುಮಾರು 9 ಜನರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಿಗುತ್ತದೆ. ಮಿಕ್ಕವರಲ್ಲಿ ಹೆಚ್ಚಿನವರದು ಒಣಗಿ ತೆಳುವಾದ ಪದರ, ಪಾಲಿಪ್ ಅನ್ನುವ ಸಣ್ಣ ಮಾಂಸದ ಕುಡಿ, ಇಲ್ಲವೇ ಪದರ ಸುಮ್ಮನೆ ದಪ್ಪ ಆಗಿರುವುದು. ಇದನ್ನೇ ತಿರುಗಿಸಿ ನೋಡಿ. ಮುಟ್ಟು ನಿಂತ ಮೇಲೆ ಈ ಕ್ಯಾನ್ಸರ್ ಬಂದ 100 ಜನರಲ್ಲಿ ಸುಮಾರು 90 ಜನರಿಗೆ ರಕ್ತ ಕಂಡಿರುತ್ತದೆ. ಅಂದರೆ ಈ ಕಾಯಿಲೆ ಕದ್ದು ಬರುವುದು ಕಡಿಮೆ. ಹೆಚ್ಚಿನ ಸಲ ಬಾಗಿಲು ತಟ್ಟಿಯೇ ಬರುತ್ತದೆ, ಅದೂ ಬೇಗ ತಟ್ಟುತ್ತದೆ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಇಂಥ ಅನುಕೂಲ ಇಲ್ಲ, ಹೊಟ್ಟೆ ಉಬ್ಬುವವರೆಗೂ ಎಷ್ಟೋ ಸಲ ಸುಳಿವೇ ಸಿಗುವುದಿಲ್ಲ. ಇಲ್ಲಿ ಸುಳಿವು ಸಿಕ್ಕಿದೆ. ಅದನ್ನು ಬಳಸಿಕೊಳ್ಳಬೇಕು ಅನ್ನುವುದೇ ನನ್ನ ಕಳಕಳಿ.

ನಿಮ್ಮ ವಿಷಯದಲ್ಲಿ ಒಳಪದರ 11 ಮಿ.ಮೀ. ಇದೆ, ಶುಗರ್ ಇದೆ, ತೂಕ ಜಾಸ್ತಿ ಇದೆ, ರಕ್ತ ಎರಡು ಸಲ ಕಂಡಿದೆ. ಹಾಗಾಗಿ ನಿಮ್ಮ ಸಾಧ್ಯತೆ ಆ 100ಕ್ಕೆ 9ಕ್ಕಿಂತ ಸ್ವಲ್ಪ ಮೇಲೇ ಇದೆ ಅಂತ ಇಟ್ಟುಕೊಳ್ಳಿ. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನಗೆ ಇಷ್ಟವಿಲ್ಲ.

ಪದರ ಯಾಕೆ ದಪ್ಪ ಆಗುತ್ತದೆ?

ಗರ್ಭಕೋಶದ ಒಳಗೋಡೆಗೆ ಮೆತ್ತನೆಯ ಒಂದು ಪದರ ಇರುತ್ತದೆ. ಮುಟ್ಟು ಬರುವ ವಯಸ್ಸಿನಲ್ಲಿ ಪ್ರತಿ ತಿಂಗಳೂ ಅದು ಬೆಳೆದು, ಕಳಚಿ, ಮತ್ತೆ ಬೆಳೆಯುತ್ತದೆ. ಎರಡು ಹಾರ್ಮೋನ್‌ಗಳ ಕೈ ಇದರಲ್ಲಿದೆ. ಈಸ್ಟ್ರೋಜೆನ್ ಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟರಾನ್ ಅದನ್ನು ಹದಕ್ಕೆ ತರುತ್ತದೆ, 'ಬೆಳೆದದ್ದು ಸಾಕು' ಅನ್ನುತ್ತದೆ. ಮೊದಲನೆಯದು ಮಾತ್ರ ಇದ್ದು ಎರಡನೆಯದು ಇಲ್ಲದೆ ಹೋದರೆ ಪದರ ಬೆಳೆಯುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಹೀಗಾದಾಗ ಕೆಲವು ಜೀವಕೋಶಗಳು ದಾರಿ ತಪ್ಪುತ್ತವೆ. ಈ ಕ್ಯಾನ್ಸರ್‌ನ ತುಂಬ ಸಾಮಾನ್ಯವಾದ ಬಗೆ ಹುಟ್ಟುವುದು ಹೀಗೆ.

ಮುಟ್ಟು ನಿಂತ ಮೇಲೆ ಅಂಡಾಶಯ ಕೆಲಸ ನಿಲ್ಲಿಸಿರುತ್ತದಲ್ಲ, ಈಸ್ಟ್ರೋಜೆನ್ ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ಕೊಬ್ಬಿನಿಂದ. ನಮ್ಮ ದೇಹದ ಕೊಬ್ಬು ಬರೀ ಶೇಖರಣೆಯ ಚೀಲ ಅಂತ ಅಂದುಕೊಂಡಿರುತ್ತೇವೆ. ನಿಜವಾಗಿ ಅದರಲ್ಲಿ ಅರೊಮಟೇಸ್ ಅನ್ನುವ ಕಿಣ್ವ ಇದೆ. ಅದು ದೇಹದಲ್ಲಿರುವ ಬೇರೆ ಹಾರ್ಮೋನ್‌ಗಳನ್ನು ಈಸ್ಟ್ರೋಜೆನ್ ಆಗಿ ಬದಲಿಸುತ್ತದೆ. ಕೊಬ್ಬು ಹೆಚ್ಚಿದ್ದಷ್ಟೂ ಈ ಕೆಲಸ ಹೆಚ್ಚು. ಇತ್ತ ಪ್ರೊಜೆಸ್ಟರಾನ್ ತಯಾರಾಗುವುದು ಅಂಡ ಬಿಡುಗಡೆ ಆದ ಮೇಲೆ. ಅದು ನಿಂತು ಐದು ವರ್ಷ ಆಗಿದೆ. ಬೆಳೆಸುವವರು ಇದ್ದಾರೆ, ಹದ ಮಾಡುವವರಿಲ್ಲ. ಶುಗರ್ ಇರುವವರಲ್ಲಿ ಇನ್ಸುಲಿನ್ ಮಟ್ಟ ಏರಿರುವುದೂ ಇದಕ್ಕೆ ನೀರೆರೆಯುತ್ತದೆ.

ತೂಕದ ಮಾತು ಬಂದ ಕೂಡಲೇ ಹೆಂಗಸರು ನನ್ನ ಮುಂದೆ ತಲೆ ತಗ್ಗಿಸಿ ಕೂರುತ್ತಾರೆ. ಆ ದೃಶ್ಯ ನನಗೆ ಬೇಜಾರು ತರಿಸುತ್ತದೆ. ಇದು ಯಾರ ತಪ್ಪು ಅಂತ ಹುಡುಕುವ ವಿಷಯವೇ ಅಲ್ಲ. ತೆಳ್ಳಗಿದ್ದು, ಶುಗರ್ ಇಲ್ಲದೆ, ದಿನಾ ನಡೆದಾಡುವವರಿಗೂ ಈ ಕ್ಯಾನ್ಸರ್ ಬಂದಿದ್ದನ್ನು ಕಂಡಿದ್ದೇನೆ. ಸೀರಸ್ ಅನ್ನುವ ಇನ್ನೊಂದು ಬಗೆ ಇದೆ. ಅದಕ್ಕೂ ಈಸ್ಟ್ರೋಜೆನ್‌ಗೂ ಅಷ್ಟಾಗಿ ನಂಟಿಲ್ಲ. ಪದರ ತೆಳುವಾಗಿದ್ದರೂ ಬರುತ್ತದೆ, ವೇಗವಾಗಿಯೂ ಬೆಳೆಯುತ್ತದೆ. ತೂಕ ಇಳಿಸಿದರೆ ಮುಂದಿನ ಅಪಾಯ ಕಡಿಮೆಯಾಗುವುದು ನಿಜ, ಹೃದಯಕ್ಕೂ ಶುಗರ್‌ಗೂ ಒಳ್ಳೆಯದು. ಆದರೆ 'ಮೊದಲು ತೂಕ ಇಳಿಸುತ್ತೇನೆ, ಆಮೇಲೆ ಬಯಾಪ್ಸಿ' ಅನ್ನುವ ಲೆಕ್ಕ ಮಾತ್ರ ಬೇಡ.

ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಆ ಮಾತ್ರೆ ಸ್ತನದಲ್ಲಿ ಈಸ್ಟ್ರೋಜೆನ್ ಅನ್ನು ತಡೆಯುತ್ತದೆ, ಗರ್ಭಕೋಶದಲ್ಲಿ ಮಾತ್ರ ಈಸ್ಟ್ರೋಜೆನ್ ಹಾಗೆ ನಡೆದುಕೊಳ್ಳುತ್ತದೆ. ಮುಟ್ಟು ನಿಂತವರಲ್ಲಿ ಅಪಾಯ ಎರಡು ಮೂರು ಪಟ್ಟು ಏರುತ್ತದೆ. ಹಾಗಂತ ಮಾತ್ರೆ ಬಿಡಬೇಡಿ, ಅದರಿಂದ ಆಗುವ ಲಾಭ ದೊಡ್ಡದು. ರಕ್ತ ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ, ಅಷ್ಟೆ.

ಪ್ಯಾಪ್ ನಾರ್ಮಲ್ ಇದೆಯಲ್ಲ?

ನನ್ನ ಬಳಿ ಬರುವವರಲ್ಲಿ ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸಿರುವುದು ಈ ಒಂದು ಕಾಗದ. ಪ್ಯಾಪ್ ಟೆಸ್ಟ್‌ನಲ್ಲಿ ಜೀವಕೋಶ ತೆಗೆಯುವುದು ಗರ್ಭಕೋಶದ ಬಾಯಿಯಿಂದ, ಅಂದರೆ ಗರ್ಭಕಂಠದಿಂದ. ಅಲ್ಲಿನ ಕ್ಯಾನ್ಸರ್ ಬೇರೆ, ಕಾರಣವೂ ಬೇರೆ. ಅದಕ್ಕೆ ಎಚ್‌ಪಿವಿ ಅನ್ನುವ ವೈರಸ್ ಕಾರಣ. ಒಳಪದರದ ಕ್ಯಾನ್ಸರ್‌ಗೂ ಆ ವೈರಸ್‌ಗೂ ಸಂಬಂಧ ಇಲ್ಲ. ಬಾಗಿಲು ಚೆನ್ನಾಗಿದೆ ಅಂದಮಾತ್ರಕ್ಕೆ ಒಳಗಿನ ಕೋಣೆ ಹೇಗಿದೆ ಅಂತ ಹೇಳುವುದಕ್ಕೆ ಆಗುತ್ತದೆಯೇ? ಕೆಲವು ಸಲ ಒಳಗಿನ ಜೀವಕೋಶ ಉದುರಿ ಪ್ಯಾಪ್‌ನಲ್ಲಿ ಸಿಕ್ಕಿಬಿದ್ದು ಕಾಯಿಲೆ ಗೊತ್ತಾಗುವುದುಂಟು. ಅದು ಅದೃಷ್ಟ, ನಂಬಿಕೊಂಡು ಕೂರುವಂಥದ್ದಲ್ಲ. ನಿಮ್ಮ ಪ್ಯಾಪ್ ನಾರ್ಮಲ್ ಇರುವುದು ಸಂತೋಷ. ಈಗಿನ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಸ್ಕ್ಯಾನ್‌ನ ಮಾತು ಬೇರೆ. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ, ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಪದರ 4 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಅಂಥವರಿಗೆ ಕಾಯಬಹುದು, ರಕ್ತ ಮತ್ತೆ ಮತ್ತೆ ಕಂಡರೆ ಮಾತ್ರ ಬಯಾಪ್ಸಿ. 4 ದಾಟಿದರೆ ಬಯಾಪ್ಸಿ ಬೇಕು. ನಿಮ್ಮದು 11. ದಪ್ಪ ಇದೆ ಅಂದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಪಾಲಿಪ್ ಇದ್ದರೂ ಹೀಗೇ ಕಾಣುತ್ತದೆ. ಸ್ಕ್ಯಾನ್ ದಪ್ಪ ಹೇಳುತ್ತದೆ, ಜೀವಕೋಶದ ಗುಣ ಹೇಳುವುದಿಲ್ಲ. ಅಂದ ಹಾಗೆ ಈ 4ರ ಲೆಕ್ಕ ಇನ್ನೂ ಮುಟ್ಟಾಗುವವರಿಗೆ ಅನ್ವಯಿಸುವುದಿಲ್ಲ. ಅವರಲ್ಲಿ ತಿಂಗಳ ಕೊನೆಗೆ ಪದರ ಅದರ ಮೂರು ಪಟ್ಟು ಇದ್ದರೂ ಸಹಜವೇ.

ಬಯಾಪ್ಸಿ ಅಂದರೆ ಏನು ಮಾಡುತ್ತಾರೆ?

ನಿಮ್ಮ ಅತ್ತಿಗೆಯ ಭಯ ಇಲ್ಲಿದೆ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಪ್ಯಾಪ್ ಟೆಸ್ಟ್‌ಗೆ ಮಲಗಿದ ಹಾಗೇ ಮಲಗುತ್ತೀರಿ. ಗರ್ಭಕೋಶದ ಬಾಯಿ ಕಾಣುವಂತೆ ಉಪಕರಣ ಇಡುತ್ತಾರೆ. ಆಮೇಲೆ ಸುಮಾರು 3 ಮಿ.ಮೀ. ದಪ್ಪದ, ಬಾಗುವ ಪ್ಲಾಸ್ಟಿಕ್ ಕೊಳವೆಯೊಂದನ್ನು ಒಳಗೆ ಕಳಿಸುತ್ತಾರೆ. ಕುಡಿಯುವ ಸ್ಟ್ರಾಗಿಂತ ಸಣ್ಣದು ಅದು. ಒಳಗಿನ ಕಡ್ಡಿಯನ್ನು ಹಿಂದಕ್ಕೆ ಎಳೆದಾಗ ಸಿರಿಂಜಿನ ಹಾಗೆ ಹೀರಿಕೊಳ್ಳುತ್ತದೆ. ಕೊಳವೆಯನ್ನು ತಿರುಗಿಸುತ್ತಾ ಹೊರತೆಗೆಯುತ್ತಾರೆ. ಆ ಅರ್ಧ ಒಂದು ನಿಮಿಷ ಮುಟ್ಟಿನ ನೋವಿನಂಥ ಹಿಂಡುವ ನೋವು ಬರುತ್ತದೆ. ಕೊಳವೆಯಲ್ಲಿ ಸಿಕ್ಕಿದ್ದನ್ನು ಔಷಧದ ನೀರಿರುವ ಪುಟ್ಟ ಬಾಟಲಿಗೆ ಹಾಕಿದಾಗ ಕೆಂಪು ನೂಲಿನ ಎಳೆಗಳಂತೆ ತೇಲುತ್ತವೆ. ಎಷ್ಟೋ ಜನ ಎದ್ದು ಕೂತು 'ಇಷ್ಟೇನಾ' ಅಂತ ಆ ಬಾಟಲಿಯನ್ನೇ ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ, ಕತ್ತರಿ ಹಾಕುವುದಿಲ್ಲ, ಹೊಲಿಗೆ ಇಲ್ಲ. ಒಂದೆರಡು ದಿನ ಕಲೆ ಕಾಣಬಹುದು. ಸೋಂಕು ಆಗುವುದು, ಗರ್ಭಕೋಶಕ್ಕೆ ತೂತಾಗುವುದು ತೀರಾ ಅಪರೂಪ.

ಎಲ್ಲರಿಗೂ ಇದು ಹಗುರವಾಗಿ ಆಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವರಿಗೆ ನಿಜವಾಗಿಯೂ ತುಂಬ ನೋಯುತ್ತದೆ. ಒಂದು ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ತಡೆಯುವುದಕ್ಕೆ ಆಗದಿದ್ದರೆ 'ನಿಲ್ಲಿಸಿ' ಅನ್ನುವ ಹಕ್ಕು ನಿಮಗಿದೆ. ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕು ಅಂತೇನಿಲ್ಲ. ಅಂಥವರಿಗೆ, ಮತ್ತು ವಯಸ್ಸಿನಿಂದ ಗರ್ಭಕೋಶದ ಬಾಯಿ ಬಿಗಿದುಕೊಂಡು ಕೊಳವೆ ಹೋಗದವರಿಗೆ, ಅರಿವಳಿಕೆ ಕೊಟ್ಟು ಹಿಸ್ಟರೋಸ್ಕೋಪಿ ಮಾಡುತ್ತಾರೆ. ಸಣ್ಣ ಕ್ಯಾಮೆರಾ ಒಳಗೆ ಕಳಿಸಿ, ಕಣ್ಣಾರೆ ನೋಡಿ, ಅನುಮಾನ ಬಂದ ಜಾಗದಿಂದಲೇ ತುಣುಕು ತೆಗೆಯುವುದು. ಪಾಲಿಪ್ ಇದ್ದರೆ ಆಗಲೇ ತೆಗೆದುಬಿಡುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಹರಡುತ್ತದೆ ಅನ್ನುವ ಮಾತಿಗೆ ಬರೋಣ. ಪದರ ತಾನಾಗಿಯೇ ಕಳಚುತ್ತಿರುವುದಕ್ಕೇ ನಿಮಗೆ ರಕ್ತ ಕಂಡಿದ್ದು. ಹಾಗೆ ಕಳಚುತ್ತಿರುವುದರಲ್ಲೇ ಸ್ವಲ್ಪ ತೆಗೆದು ನೋಡುವುದು ಬಯಾಪ್ಸಿ. ಇದರಿಂದ ಕ್ಯಾನ್ಸರ್ ಹುಟ್ಟುವುದಿಲ್ಲ, ಬಯಾಪ್ಸಿ ಮಾಡಿಸಿಕೊಂಡವರ ಆಯಸ್ಸು ಅದರಿಂದ ಕಡಿಮೆಯಾಗುವುದೂ ಇಲ್ಲ. ಹಿಸ್ಟರೋಸ್ಕೋಪಿಯಲ್ಲಿ ನೀರು ಬಿಡುವುದರಿಂದ ಕೆಲವು ಜೀವಕೋಶ ಗರ್ಭನಾಳದ ಮೂಲಕ ಹೊಟ್ಟೆಯೊಳಗೆ ಹೋಗಬಹುದು ಅನ್ನುವುದನ್ನು ವೈದ್ಯರೇ ಅನುಮಾನಪಟ್ಟು ಅಧ್ಯಯನ ಮಾಡಿದ್ದಾರೆ. ಅದರಿಂದ ರೋಗಿಗಳ ಸ್ಥಿತಿ ಹದಗೆಟ್ಟಿದ್ದು ಕಂಡುಬಂದಿಲ್ಲ. ಈ ನಂಬಿಕೆ ಹೇಗೆ ಬೆಳೆಯಿತು ಅಂತ ನನಗೆ ಅನ್ನಿಸುವುದು ಇಷ್ಟು: ಜನ ತಡವಾಗಿ ಬರುತ್ತಾರೆ, ಬಯಾಪ್ಸಿ ಆಗುತ್ತದೆ, ಆ ಹೊತ್ತಿಗಾಗಲೇ ಹರಡಿರುವುದು ಗೊತ್ತಾಗುತ್ತದೆ. ಮನೆಯವರಿಗೆ ಕಾಣುವುದು ಬಯಾಪ್ಸಿ, ಅದರ ಹಿಂದಿನ ಹತ್ತು ತಿಂಗಳಲ್ಲ. ನಿಮ್ಮ ಅತ್ತಿಗೆಯೂ ಅಂಥ ಯಾರನ್ನೋ ನೋಡಿರಬಹುದು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ.

ವರದಿ ಬಂದ ಮೇಲೆ

'ಸ್ಯಾಂಪಲ್ ಸಾಲದು' ಅಂತ ಬಂದರೆ ಅದನ್ನು 'ಕ್ಯಾನ್ಸರ್ ಇಲ್ಲ' ಅಂತ ಓದಿಕೊಳ್ಳಬೇಡಿ. ನಿಮ್ಮ ಪದರ ದಪ್ಪ ಇರುವುದರಿಂದ ಇನ್ನೊಂದು ಸಲ, ಹಿಸ್ಟರೋಸ್ಕೋಪಿ ಮಾಡಿ ತೆಗೆಯಬೇಕಾಗುತ್ತದೆ. ಹಾಗೆಯೇ ವರದಿ ನಾರ್ಮಲ್ ಬಂದು ರಕ್ತ ಮತ್ತೆ ಕಂಡರೂ ಸುಮ್ಮನಿರಬೇಡಿ. ಕೊಳವೆ ಕುರುಡಾಗಿ ಹೀರುತ್ತದೆ. ಒಂದು ಮೂಲೆಯಲ್ಲಿ ಅಥವಾ ಪಾಲಿಪ್ ಒಳಗೆ ಇರುವುದು ತಪ್ಪಿಹೋಗಬಹುದು.

'ಹೈಪರ್‌ಪ್ಲೇಸಿಯಾ' ಅಂತ ಬಂದರೆ ಪದರ ಅಗತ್ಯಕ್ಕಿಂತ ಬೆಳೆದಿದೆ ಅಂತ ಅರ್ಥ. ಅದರ ಪಕ್ಕದ ಪದವನ್ನು ಗಮನವಿಟ್ಟು ನೋಡಿ. 'ಅಟಿಪಿಯಾ ಇಲ್ಲ' ಅಂದರೆ ಜೀವಕೋಶಗಳು ಜಾಸ್ತಿ ಆಗಿವೆ, ಕೆಟ್ಟಿಲ್ಲ. ಇದು 20 ವರ್ಷದಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ. ಇದಕ್ಕೆ ಆಪರೇಷನ್ ಬೇಕಾಗುವುದೇ ಅಪರೂಪ. ಕೊರತೆಯಾದ ಪ್ರೊಜೆಸ್ಟರಾನ್ ತರಹದ ಔಷಧವನ್ನೇ ಹಿಂದಿರುಗಿಸಿದರೆ ಹೆಚ್ಚಿನವರಲ್ಲಿ ಪದರ ಸರಿಹೋಗುತ್ತದೆ. ಮಾತ್ರೆಯಾಗಿ ಕೊಡಬಹುದು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿಯಾಗಿಯೂ ಕೊಡಬಹುದು. ವಂಕಿಯ ಔಷಧ ಅಲ್ಲೇ ಕೆಲಸ ಮಾಡುವುದರಿಂದ ಹಸಿವು, ಊತದಂಥ ತೊಂದರೆ ಕಡಿಮೆ. ನಿಮ್ಮ ತೂಕ, ಶುಗರ್ ನೋಡಿದರೆ ನಾನು ವಂಕಿಯ ಕಡೆಗೇ ವಾಲುತ್ತೇನೆ. ಕನಿಷ್ಠ ಆರು ತಿಂಗಳು ಕೊಟ್ಟು ಮತ್ತೆ ಬಯಾಪ್ಸಿ ಮಾಡಿ ನೋಡುತ್ತಾರೆ.

'ಅಟಿಪಿಯಾ ಇದೆ' ಅಂತ ಬಂದರೆ ಲೆಕ್ಕವೇ ಬೇರೆ. ಇಂಥ ವರದಿ ಬಂದು ಗರ್ಭಕೋಶ ತೆಗೆಸಿಕೊಂಡ ನೂರು ಜನರಲ್ಲಿ ಸುಮಾರು 30ರಿಂದ 40 ಜನರಿಗೆ ಆಗಲೇ ಒಳಗೆ ಕ್ಯಾನ್ಸರ್ ಇದ್ದದ್ದು ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ವಯಸ್ಸಿನವರಿಗೆ ಆಪರೇಷನ್ ಅಂತಲೇ ಹೇಳುತ್ತೇವೆ.

ಸುಮ್ನೆ ತೆಗೆಸಿಬಿಟ್ಟರೆ?

ಮಗಳ ಮಾತಿಗೆ ಉತ್ತರವಾಗಿ ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು. ಅವರಿಗೂ ಹೀಗೇ ರಕ್ತ ಕಂಡಿತ್ತು. 'ಹೇಗಿದ್ದರೂ ತೆಗೆಯೋದೇ ಅಲ್ವಾ, ಬಯಾಪ್ಸಿ ಯಾಕೆ' ಅಂತ ಒಂದು ಕಡೆ ನೇರವಾಗಿ ಆಪರೇಷನ್ ಮಾಡಿದ್ದರು. ಗರ್ಭಕೋಶ ದೊಡ್ಡದಿತ್ತು ಅಂತ ಒಳಗೇ ತುಂಡು ಮಾಡಿ ಯೋನಿಯ ದಾರಿಯಲ್ಲಿ ಹೊರತೆಗೆದಿದ್ದರು. ಅಂಡಾಶಯಗಳನ್ನು ಹಾಗೇ ಬಿಟ್ಟಿದ್ದರು. ಹತ್ತು ದಿನ ಆದ ಮೇಲೆ ಬಂದ ವರದಿಯಲ್ಲಿ ಗ್ರೇಡ್ 3 ಕ್ಯಾನ್ಸರ್. ಗ್ರೇಡ್ ಅಂದರೆ ಜೀವಕೋಶ ಎಷ್ಟು ಕೆಟ್ಟಿದೆ ಅನ್ನುವ ಅಳತೆ, 1 ಸೌಮ್ಯ, 3 ಉಗ್ರ. ಅವರು ನನ್ನ ಮುಂದೆ ಕೂತು ಆ ಕಾಗದವನ್ನು ಮಡಚುತ್ತಾ ಬಿಡಿಸುತ್ತಾ 'ತೆಗೆದಾಯ್ತಲ್ಲ ಡಾಕ್ಟ್ರೇ, ಮತ್ತೇನು ಉಳಿದಿದೆ' ಅಂತ ಕೇಳಿದರು. ತುಂಬ ಉಳಿದಿತ್ತು. ಕ್ಯಾನ್ಸರ್ ಗೋಡೆಯೊಳಗೆ ಎಷ್ಟು ಆಳ ಇಳಿದಿತ್ತು ಅಂತ ತುಂಡುಗಳಿಂದ ಅಳೆಯುವುದಕ್ಕೆ ಆಗಲಿಲ್ಲ. ಕ್ಯಾನ್ಸರ್ ಹರಡುವಾಗ ಹೋಗಿ ಸೇರಬಹುದಾದ ಸಣ್ಣ ಗಂಟುಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು, ಯಾರೂ ನೋಡಿರಲಿಲ್ಲ. ಎರಡನೇ ಆಪರೇಷನ್ ಆಗಬೇಕಾಯಿತು. ಮೊದಲ ದಿನವೇ ಆ ಪುಟ್ಟ ಬಾಟಲಿಯೊಂದು ಲ್ಯಾಬ್‌ಗೆ ಹೋಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಕ್ಯಾನ್ಸರ್ ಅಂತ ಗೊತ್ತಿದ್ದರೆ ಮಾಡುವ ಆಪರೇಷನ್ನೇ ಬೇರೆ. ಗರ್ಭಕೋಶವನ್ನು ಒಡೆಯದೆ, ಗರ್ಭಕಂಠದ ಸಮೇತ ಇಡಿಯಾಗಿ ತೆಗೆಯಬೇಕು. ನಿಮ್ಮ ವಯಸ್ಸಿನಲ್ಲಿ ಗರ್ಭನಾಳ, ಅಂಡಾಶಯಗಳನ್ನೂ ತೆಗೆಯುತ್ತಾರೆ. ಹೊಟ್ಟೆಯೊಳಗೆ ಎಲ್ಲ ಕಡೆ ನೋಡಬೇಕು. ಕ್ಯಾನ್ಸರ್ ಮೊದಲು ಹೋಗಿ ಸೇರುವ ಲಿಂಫ್ ನೋಡ್ ಯಾವುದು ಅಂತ ಬಣ್ಣದ ದ್ರವ ಬಿಟ್ಟು ಹುಡುಕಿ, ಅದೊಂದನ್ನೇ ತೆಗೆದು ಪರೀಕ್ಷೆಗೆ ಕಳಿಸುವ ವಿಧಾನ ಈಗ ಚೆನ್ನಾಗಿ ನೆಲೆಯೂರಿದೆ. ಎಲ್ಲ ನೋಡ್‌ಗಳನ್ನೂ ತೆಗೆದರೆ ಮುಂದೆ ಕಾಲು ಬಾತುಕೊಳ್ಳುವ ತೊಂದರೆ ಜಾಸ್ತಿ, ಇದರಲ್ಲಿ ಅದು ಕಡಿಮೆ. ಗರ್ಭಕೋಶವನ್ನು ಒಳಗೇ ಪುಡಿ ಮಾಡುವ ಯಂತ್ರದ ಬಗ್ಗೆ 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದ್ದೂ ಇದೇ ಕಾರಣಕ್ಕೆ. ಒಳಗೆ ಗೊತ್ತಿಲ್ಲದ ಕ್ಯಾನ್ಸರ್ ಇದ್ದರೆ ಅದನ್ನು ಚೆಲ್ಲಾಡಿದ ಹಾಗಾಗುತ್ತದೆ. ಹರಡುವ ಭಯ ಬಯಾಪ್ಸಿಗೆ ಇರಬೇಕಾದ್ದಲ್ಲ, ಬಯಾಪ್ಸಿ ಇಲ್ಲದೆ ಮಾಡುವ ಇಂಥ ಆಪರೇಷನ್‌ಗೆ ಇರಬೇಕಾದ್ದು.

ಇನ್ನೊಂದು ಮಗ್ಗುಲೂ ಇದೆ. ನಿಮ್ಮದು ಬರೀ ಪಾಲಿಪ್ ಆಗಿದ್ದರೆ? ಶುಗರ್, ಬಿಪಿ, ತೂಕ ಮೂರೂ ಇರುವವರಿಗೆ ಅರಿವಳಿಕೆಯ ಅಪಾಯ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಗಾಯ ಮಾಯದೆ ಇರುವುದು, ಮೂತ್ರನಾಳಕ್ಕೆ ಪೆಟ್ಟಾಗುವುದು ಇವೆಲ್ಲ ನಿಜವಾದ ಅಪಾಯಗಳು. ಬೇಕಾದಾಗ ಅವನ್ನು ಎದುರಿಸೋಣ. ಬೇಡದ ಆಪರೇಷನ್‌ಗೆ ಯಾಕೆ?

ಕ್ಯಾನ್ಸರ್ ಅಂತಲೇ ಬಂದರೆ

ಆಗಲೂ ದಾರಿ ಮುಚ್ಚಿಹೋಗುವುದಿಲ್ಲ. ಹೆಚ್ಚಿನವರಲ್ಲಿ ಇದು ಗರ್ಭಕೋಶದ ಒಳಗೇ ಇರುವಾಗ ಸಿಗುತ್ತದೆ, ಕಾರಣ ಆ ರಕ್ತವೇ. ಅಮೆರಿಕದ ಕ್ಯಾನ್ಸರ್ ದಾಖಲೆಗಳ ಪ್ರಕಾರ ಗರ್ಭಕೋಶ ದಾಟದ ಹಂತದಲ್ಲಿ ಸಿಕ್ಕವರಲ್ಲಿ ನೂರಕ್ಕೆ ಸುಮಾರು 95 ಜನ ಐದು ವರ್ಷದ ನಂತರವೂ ಬದುಕಿರುತ್ತಾರೆ. ಅಕ್ಕಪಕ್ಕಕ್ಕೆ, ಲಿಂಫ್ ನೋಡ್‌ಗಳಿಗೆ ಹೋಗಿದ್ದರೆ ಸುಮಾರು 70. ದೂರದ ಅಂಗಗಳಿಗೆ ಹೋಗಿದ್ದರೆ 20ರ ಆಸುಪಾಸು. ಈ ಮೂರು ಅಂಕಿಗಳ ನಡುವಿನ ಅಂತರ ನೋಡಿದರೆ ನಾನು ಮೊದಲ ಸಾಲಿನಲ್ಲೇ ಅವಸರ ಯಾಕೆ ಮಾಡಿದೆ ಅಂತ ಗೊತ್ತಾಗುತ್ತದೆ.

ಆಪರೇಷನ್‌ಗೆ ಮೊದಲು ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಸಣ್ಣ ತೂತುಗಳ ಮೂಲಕ, ಲ್ಯಾಪರೋಸ್ಕೋಪಿಯಲ್ಲಿ ಮಾಡಿದರೆ ಹೊಟ್ಟೆ ಕೊಯ್ದು ಮಾಡಿದಷ್ಟೇ ಫಲ ಸಿಗುತ್ತದೆ ಅನ್ನುವುದು ದೊಡ್ಡ ಅಧ್ಯಯನಗಳಲ್ಲಿ ಗಟ್ಟಿಯಾಗಿದೆ. ತೂಕ ಹೆಚ್ಚಿರುವವರಿಗೆ ಗಾಯದ ತೊಂದರೆ ಕಡಿಮೆ, ಬೇಗ ಎದ್ದು ಓಡಾಡಬಹುದು. ಮೊದಲ ಹಂತದ, ಗ್ರೇಡ್ 1ರ ಅನೇಕರಿಗೆ ಆಪರೇಷನ್ ಆದರೆ ಸಾಕು, ಮುಂದೆ ಬರೀ ಚೆಕಪ್. ಸ್ವಲ್ಪ ಅಪಾಯ ಇರುವವರಿಗೆ ಯೋನಿಯ ಮೇಲ್ತುದಿಗೆ ಮಾತ್ರ ಒಳಗಿನಿಂದ ರೇಡಿಯೇಷನ್ ಕೊಡುತ್ತಾರೆ. ಅದಕ್ಕೆ ಬ್ರೇಕಿಥೆರಪಿ ಅನ್ನುತ್ತಾರೆ. ಕೆಲವೇ ಸಲ ಹೋಗಿಬಂದರೆ ಮುಗಿಯಿತು. ಆಮೇಲೆ ಯೋನಿ ಒಣಗುವುದು, ಬಿಗಿಯಾಗುವುದು ಉಂಟು. ಅದಕ್ಕೆ ಪರಿಹಾರ ಇದೆ, ಕೇಳುವುದಕ್ಕೆ ನಾಚಿಕೆ ಬೇಡ. ಜಾಸ್ತಿ ಹರಡಿದ್ದರೆ ಹೊರಗಿನಿಂದ ರೇಡಿಯೇಷನ್, ಕೀಮೋ ಬರುತ್ತದೆ.

ಒಂದು ಹೊಸ ವಿಷಯ ಹೇಳಲೇಬೇಕು. 2013ರಲ್ಲಿ ಈ ಕ್ಯಾನ್ಸರ್‌ನ ಜೀನ್‌ಗಳನ್ನು ಓದಿದಾಗ ಅದರಲ್ಲಿ ನಾಲ್ಕು ಗುಂಪುಗಳಿವೆ ಅಂತ ಗೊತ್ತಾಯಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಂಡರೂ ಒಂದು ಗುಂಪು ತೀರಾ ಸೌಮ್ಯ, ಇನ್ನೊಂದು ತೀರಾ ಉಗ್ರ. 2023ರಲ್ಲಿ ಹಂತಗಳನ್ನು ಹೊಸದಾಗಿ ಬರೆದಾಗ ಇದನ್ನೂ ಸೇರಿಸಿಕೊಂಡಿದ್ದಾರೆ. ಹಾಗಾಗಿ ಕ್ಯಾನ್ಸರ್ ಅಂತ ಬಂದರೆ 'ಪಿ53 ಮತ್ತು ಎಂಎಂಆರ್ ಟೆಸ್ಟ್ ಆಗಿದೆಯಾ' ಅಂತ ಕೇಳಿ. ಕ್ಯಾನ್ಸರ್ ಯಾವ ಗುಂಪಿನದು ಅಂತ ತಿಳಿಯುವುದಕ್ಕೆ ಮಾಡುವ ಟೆಸ್ಟ್‌ಗಳು ಇವು. ಅದೇ ತುಣುಕಿನ ಮೇಲೇ ಮಾಡಬಹುದು, ಮತ್ತೆ ಬಯಾಪ್ಸಿ ಬೇಕಿಲ್ಲ. ಎಂಎಂಆರ್, ಅಂದರೆ ಜೀವಕೋಶದ ತಪ್ಪು ತಿದ್ದುವ ವ್ಯವಸ್ಥೆ, ಕೆಟ್ಟಿರುವವರಲ್ಲಿ ಕಾಯಿಲೆ ಮುಂದುವರಿದಿದ್ದರೂ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಚೆನ್ನಾಗಿ ಕೆಲಸ ಮಾಡುವುದನ್ನು ಈಚಿನ ವರ್ಷಗಳಲ್ಲಿ ಕಾಣುತ್ತಿದ್ದೇವೆ.

ತಾಯಿಯ ಕರುಳಿನ ಕ್ಯಾನ್ಸರ್

ಈ ಪ್ರಶ್ನೆ ಕೇಳಿದ್ದು ತುಂಬ ಒಳ್ಳೆಯದಾಯಿತು. ಎಷ್ಟೋ ಜನರಿಗೆ ಇದನ್ನು ಹೇಳಬೇಕು ಅಂತಲೇ ತೋಚುವುದಿಲ್ಲ. ಸಂಬಂಧ ಇರಬಹುದು. ಲಿಂಚ್ ಸಿಂಡ್ರೋಮ್ ಅಂತ ಒಂದಿದೆ. ಜೀವಕೋಶ ಎರಡಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಜೀನ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಎಂಎಂಆರ್ ಅನ್ನುವುದು ಈ ತಿದ್ದುವ ವ್ಯವಸ್ಥೆಯ ಹೆಸರೇ. ಅಂಥವರಿಗೆ ದೊಡ್ಡ ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ಎರಡೂ ಬರುವ ಸಾಧ್ಯತೆ ಹೆಚ್ಚು, ಅದೂ 50 ವರ್ಷದ ಒಳಗೇ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು 3 ಜನರಿಗೆ ಈ ಕಾರಣ ಇರುತ್ತದೆ. ಅಪ್ಪ ಅಥವಾ ಅಮ್ಮನಿಂದ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ.

ನಿಮ್ಮ ತಾಯಿಗೆ 48ಕ್ಕೆ ಬಂದಿದ್ದರಿಂದ ಇದನ್ನು ನೋಡಲೇಬೇಕು ಅನ್ನುತ್ತೇನೆ. ಅದೊಂದರಿಂದಲೇ ಲಿಂಚ್ ಅಂತ ತೀರ್ಮಾನ ಮಾಡುವಂತಿಲ್ಲ. ತಾಯಿಯ ಕಡೆಯವರಲ್ಲಿ, ಸೋದರಮಾವ, ಚಿಕ್ಕಮ್ಮ, ಅವರ ಮಕ್ಕಳಲ್ಲಿ ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿಗೆ ಆಗಿತ್ತು ಅಂತ ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ಕೊಡಿ. ಬೇಕಾದರೆ ರಕ್ತದ ಜೀನ್ ಪರೀಕ್ಷೆ ಹೇಳುತ್ತಾರೆ. ಬಯಾಪ್ಸಿ ವರದಿ ನಾರ್ಮಲ್ ಬಂದರೂ ಈ ಹಾಳೆ ಕೊಡುವುದನ್ನು ಬಿಡಬೇಡಿ, ಯಾಕೆಂದರೆ ಲಿಂಚ್ ಇದ್ದರೆ ನಿಮಗೂ, ಅದು ದಾಟಿದ್ದರೆ ಮಗಳಿಗೂ ಕಾಲಕಾಲಕ್ಕೆ ಕೊಲೊನೋಸ್ಕೋಪಿ (ಕ್ಯಾಮೆರಾ ಕಳಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಆಗಬೇಕು. ಮಕ್ಕಳಾದ ಮೇಲೆ ಗರ್ಭಕೋಶ ಮುಂಚಿತವಾಗಿ ತೆಗೆಸುವ ಮಾತು ಬರುವುದೂ ಇಂಥವರಿಗೇ. ಅಲ್ಲಿ ಆ ಮಾತಿಗೆ ಅರ್ಥ ಇದೆ.

ಮಗಳ ಪಿಸಿಓಎಸ್

ಪಿಸಿಓಎಸ್‌ನಲ್ಲಿ ಅಂಡ ಸರಿಯಾಗಿ ಬಿಡುಗಡೆ ಆಗುವುದಿಲ್ಲ. ಹಾಗಾಗಿ ಮೇಲೆ ಹೇಳಿದ ಹದ ಮಾಡುವ ಹಾರ್ಮೋನ್ ಬರುವುದಿಲ್ಲ. ಈ ಕ್ಯಾನ್ಸರ್‌ನ ಅಪಾಯ ಬೇರೆಯವರಿಗಿಂತ ಸುಮಾರು ಮೂರು ಪಟ್ಟು. ಆದರೆ 31ರಲ್ಲಿ ಆ ಅಪಾಯ ಎಷ್ಟು ಕಡಿಮೆ ಅಂದರೆ ಮೂರು ಪಟ್ಟಾದರೂ ಕಡಿಮೆಯೇ. ಅವಳಿಗೆ ಭಯ ಬೇಡ, ಲೆಕ್ಕ ಬೇಕು. ಮುಟ್ಟಿನ ದಿನಾಂಕ ಬರೆದಿಡಲಿ. ಮೂರು ತಿಂಗಳು ದಾಟಿದರೂ ಮುಟ್ಟು ಬಾರದಿದ್ದರೆ, ಗರ್ಭಿಣಿ ಅಲ್ಲ ಅಂತ ಖಚಿತ ಮಾಡಿಕೊಂಡು, ಮಾತ್ರೆ ಕೊಟ್ಟು ಪದರ ಕಳಚುವಂತೆ ಮಾಡಬೇಕು. ಸದ್ಯಕ್ಕೆ ಮಗು ಬೇಡ ಅನ್ನುವುದಾದರೆ ಗರ್ಭನಿರೋಧಕ ಮಾತ್ರೆ ಅಥವಾ ಹಾರ್ಮೋನ್ ವಂಕಿ ಪದರವನ್ನು ಕಾಯುತ್ತದೆ. ಗರ್ಭನಿರೋಧಕ ಮಾತ್ರೆ ಕೆಲವು ವರ್ಷ ತೆಗೆದುಕೊಂಡವರಲ್ಲಿ ಈ ಕ್ಯಾನ್ಸರ್ ಗಣನೀಯವಾಗಿ ಕಡಿಮೆ, ಮಾತ್ರೆ ಬಿಟ್ಟು ದಶಕಗಳಾದರೂ ಆ ರಕ್ಷಣೆ ಉಳಿಯುತ್ತದೆ. ಆ ಮಾತ್ರೆ ಎಲ್ಲರಿಗೂ ಆಗಿಬರುವುದಿಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಕಣ್ಣು ಮಂಜಾಗಿ ಬರುವ ಮೈಗ್ರೇನ್ ಇದ್ದರೆ ಬೇರೆ ದಾರಿ ನೋಡಬೇಕು.

ಒಂದು ವೇಳೆ ಚಿಕ್ಕ ವಯಸ್ಸಿನಲ್ಲೇ ಈ ಕ್ಯಾನ್ಸರ್ ಸಿಕ್ಕಿ, ಮಗು ಬೇಕು ಅನ್ನುವ ಆಸೆ ಇದ್ದರೆ, ಗ್ರೇಡ್ 1 ಆಗಿದ್ದು ಒಳಪದರದಲ್ಲೇ ಇದ್ದಾಗ, ಹಾರ್ಮೋನ್ ಚಿಕಿತ್ಸೆ ಕೊಟ್ಟು ಮೂರು ತಿಂಗಳಿಗೊಮ್ಮೆ ಬಯಾಪ್ಸಿ ಮಾಡುತ್ತಾ ಕಾಯಬಹುದು. ಹೆಚ್ಚಿನವರಲ್ಲಿ ಫಲ ಸಿಗುತ್ತದೆ. ಮರುಕಳಿಸುವುದೂ ಕಡಿಮೆ ಇಲ್ಲ. ಹಾಗಾಗಿ ಮಕ್ಕಳಾದ ಮೇಲೆ ಗರ್ಭಕೋಶ ತೆಗೆಸಲು ಹೇಳುತ್ತೇವೆ.

ನಿಮ್ಮ ವಿಷಯಕ್ಕೇ ಮರಳುತ್ತೇನೆ. ಬಯಾಪ್ಸಿಗೆ ಹೋಗುವ ದಿನ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ರಕ್ತ ಕಂಡ ದಿನಾಂಕಗಳು, ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು, ಸ್ಕ್ಯಾನ್ ವರದಿ, ತಾಯಿಯ ಕಡೆಯ ಆ ಹಾಳೆ ಕೈಚೀಲದಲ್ಲಿರಲಿ. ಅದಕ್ಕೂ ಮೊದಲೇ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ, ತಲೆ ಸುತ್ತಿದರೆ, ಅಥವಾ ಜ್ವರದ ಜೊತೆ ಕೆಟ್ಟ ವಾಸನೆಯ ಸ್ರಾವ ಬಂದರೆ ಆ ದಿನಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ವರದಿ ಬಂದಾಗ 'ಎಲ್ಲ ಸರಿ ಇದೆಯಂತೆ' ಅನ್ನುವ ಬಾಯಿಮಾತಿಗೆ ನಿಲ್ಲಬೇಡಿ. ಪೂರ್ತಿ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಅದರಲ್ಲಿ ಅರ್ಥವಾಗದ್ದು ಏನಿದ್ದರೂ ನನಗೆ ಮತ್ತೆ ಬರೆಯಿರಿ, ಸಾಲು ಸಾಲಾಗಿ ಓದಿ ಬಿಡಿಸಿ ಹೇಳುತ್ತೇನೆ.